ಟ್ರೊಮ್ಸೊದಲ್ಲಿ ಒಂದು ಹಗಲು: ನಡೆಯುತ್ತಾ, ತಿನ್ನುತ್ತಾ ಊರು ನೋಡುವುದು ಹೇಗೆ?

ನಾರ್ವೆಯ ಟ್ರೊಮ್ಸೊಗೆ ಹೋಗುವ ನಮ್ಮವರ ದಿನಚರಿ ಬಹುಪಾಲು ಒಂದೇ. ರಾತ್ರಿಯೆಲ್ಲ ಆಕಾಶದಲ್ಲಿ ಹಸಿರು ಬೆಳಕಾಡುವ ನಾರ್ದರ್ನ್ ಲೈಟ್ಸ್ ಹುಡುಕಿಕೊಂಡು ಬಸ್ಸಿನಲ್ಲಿ ಸುತ್ತುವುದು, ಹಗಲು ಹೋಟೆಲಿನಲ್ಲಿ ಮಲಗುವುದು. ಮೊದಲ ಸಲ ನಾನೂ ಹೀಗೇ ಮಾಡಿದೆ. ಮೂರು ರಾತ್ರಿ ಆಕಾಶ ನೋಡಿದೆ, ಊರು ನೋಡಲಿಲ್ಲ. ಎರಡನೇ ಸಲ ಹೋದಾಗ ಮೊದಲ ದಿನವೇ ಕಾಲ್ನಡಿಗೆಯ ಊಟದ ಟೂರ್ ಒಂದಕ್ಕೆ ಸೇರಿದೆ. ಮೂರು ಗಂಟೆ ನಡಿಗೆ, ನಡುವೆ ನಾಲ್ಕು ಕಡೆ ತಿಂಡಿ. ಅಂಗಡಿಯ ಕಿಟಕಿಯಲ್ಲಿ ಕಟ್ಟಿಗೆಯ ಹಾಗೆ ನೇತಾಡುವ ಮೀನು ಯಾಕೆ ಅಲ್ಲಿದೆ, ಬೀದಿ ಬೋರ್ಡಿನಲ್ಲಿ ಊರಿಗೆ ಎರಡು ಹೆಸರು ಯಾಕೆ, ಜನ ಜನವರಿಯಲ್ಲಿ ಬನ್ ತಿನ್ನಲು ಯಾಕೆ ಕ್ಯೂ ನಿಲ್ಲುತ್ತಾರೆ, ಎಲ್ಲಾ ಆ ಮೂರು ಗಂಟೆಯಲ್ಲಿ ತಿಳಿಯಿತು. ಹಾಗಾಗಿ ಹೋಗುವವರಿಗೆಲ್ಲ ನಾನು ಹೇಳುವುದು ಇಷ್ಟೇ: ಒಂದು ಹಗಲನ್ನು ಈ ಊರಿಗೆ ಕೊಡಿ, ಅದೂ ಮೊದಲ ಹಗಲನ್ನು.

ಟ್ರೊಮ್ಸೊ ಒಂದು ದ್ವೀಪದ ಮೇಲಿರುವ ಊರು. ಉತ್ತರ ಧ್ರುವವೃತ್ತಕ್ಕಿಂತಲೂ ಸುಮಾರು 350 ಕಿಲೋಮೀಟರ್ ಮೇಲೆ, ಹೆಚ್ಚುಕಡಿಮೆ 70 ಡಿಗ್ರಿ ಉತ್ತರದಲ್ಲಿದೆ. ಇಷ್ಟು ಮೇಲಿದ್ದರೂ ಇಲ್ಲಿನ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ. ಅಟ್ಲಾಂಟಿಕ್ ಸಾಗರದಿಂದ ಬರುವ ಬೆಚ್ಚಗಿನ ನೀರಿನ ಪ್ರವಾಹ ಈ ಕರಾವಳಿಯ ಉದ್ದಕ್ಕೂ ಹರಿಯುತ್ತದೆ. ಜನವರಿಯ ಸರಾಸರಿ ಚಳಿ ಮೈನಸ್ 4 ಡಿಗ್ರಿಯ ಆಸುಪಾಸು. ನೀವು ಮನಸ್ಸಿನಲ್ಲಿ ಅಂದುಕೊಂಡಷ್ಟು ಭಯಂಕರ ಅಲ್ಲ, ಅಲ್ವಾ? ಅದಕ್ಕೇ ಇಲ್ಲಿ ನಡೆದು ಸುತ್ತಬಹುದು.

ಹೆಜ್ಜೆ 1: ಯಾವ ತಿಂಗಳು ಅಂತ ಮೊದಲು ತೀರ್ಮಾನಿಸಿ

ತಿಂಗಳು ಬದಲಾದರೆ ನೀವು ನೋಡುವ ಊರೂ ಬದಲು, ತಟ್ಟೆಗೆ ಬರುವ ಊಟವೂ ಬದಲು.

ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಇಲ್ಲಿ ಸೂರ್ಯ ಹುಟ್ಟುವುದಿಲ್ಲ. ಹಾಗಂತ ದಿನವಿಡೀ ಕಗ್ಗತ್ತಲೆ ಇರುತ್ತದೆ ಅಂದುಕೊಳ್ಳಬೇಡಿ. ಬೆಳಿಗ್ಗೆ 10ರ ಹೊತ್ತಿಗೆ ಆಕಾಶ ನೀಲಿಯಾಗುತ್ತದೆ, ದಕ್ಷಿಣದ ಅಂಚಿನಲ್ಲಿ ಒಂದಿಷ್ಟು ಗುಲಾಬಿ ಬಣ್ಣ ಹರಡುತ್ತದೆ, ಮಧ್ಯಾಹ್ನ ಎರಡರ ಹೊತ್ತಿಗೆ ಮತ್ತೆ ಕತ್ತಲು. ಈ ಸಮಯದಲ್ಲಿ ಹೋದರೆ ಬೆಳಗಿನ ಟೂರನ್ನೇ ಬುಕ್ ಮಾಡಿ. ಆ ನೀಲಿ ಬೆಳಕಿನಲ್ಲಿ ಹಳೇ ಮರದ ಮನೆಗಳ ಹಳದಿ ಕಿಟಕಿಗಳನ್ನು ನೋಡುತ್ತಾ ನಡೆಯುವ ಸುಖ ಸಂಜೆಯ ಟೂರಿನಲ್ಲಿ ಸಿಗುವುದಿಲ್ಲ.

ಜನವರಿ 21 ಇಲ್ಲಿನವರಿಗೆ ಹಬ್ಬ. ಲೆಕ್ಕದ ಪ್ರಕಾರ ಸೂರ್ಯ ಕೆಲವು ದಿನ ಮೊದಲೇ ವಾಪಸ್ ಬಂದಿರುತ್ತಾನೆ. ಆದರೆ ಸುತ್ತ ಬೆಟ್ಟಗಳಿರುವುದರಿಂದ ಊರಿನೊಳಗೆ ಅವನ ಮುಖ ಕಾಣಲು ಅಲ್ಲಿಯವರೆಗೂ ಕಾಯಬೇಕು. ಆ ದಿನ ಎಲ್ಲರೂ 'ಸೂಲ್‌ಬೊಲ್ಲೆ' ತಿನ್ನುತ್ತಾರೆ. ಹಾಗೆಂದರೆ ಸೂರ್ಯನ ಬನ್. ಎಣ್ಣೆಯಲ್ಲಿ ಕರಿದ ದುಂಡನೆಯ ಮೆತ್ತನೆ ಬನ್, ಒಳಗೆ ಕೆಂಪು ಜಾಮ್, ಮೇಲೆ ಸಕ್ಕರೆ. ಕಚ್ಚಿದರೆ ಜಾಮ್ ಬೆರಳಿಗೆ ಹರಿಯುತ್ತದೆ. ಎರಡು ತಿಂಗಳಿಂದ ಬಿಸಿಲು ಕಾಣದ ಮಕ್ಕಳು ಬನ್ ಹಿಡಿದುಕೊಂಡು ಬೆಟ್ಟದ ಸಂದಿಯ ಕಡೆ ನೋಡುತ್ತಾ ನಿಂತಿರುತ್ತಾರೆ. ಮೋಡ ಇದ್ದರೂ ಬನ್ ತಪ್ಪುವುದಿಲ್ಲ.

ಜನವರಿಯಿಂದ ಏಪ್ರಿಲ್‌ವರೆಗೆ 'ಕಾಡ್' ಎಂಬ ಸಮುದ್ರ ಮೀನಿನ ಸುಗ್ಗಿ. ಫೆಬ್ರವರಿ 6 ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ರಾಷ್ಟ್ರೀಯ ದಿನ. ಆ ವಾರ ಊರಿನ ಮುಖ್ಯ ಬೀದಿಯಲ್ಲೇ ಹಿಮಸಾರಂಗಗಳ ಓಟ ನಡೆಯುತ್ತದೆ. ಸಾರಂಗ ಮುಂದೆ ಓಡುತ್ತದೆ, ಸವಾರ ಸ್ಕೀ ಹಾಕಿಕೊಂಡು ಹಗ್ಗ ಹಿಡಿದು ಹಿಂದೆ ಜಾರುತ್ತಾನೆ. ಒಂದೇ ಒಂದು ಸಲ ಹೋಗಲು ಸಾಧ್ಯ ಅನ್ನುವವರಿಗೆ ನನ್ನ ಸಲಹೆ ಈ ವಾರವೇ. ಹಗಲು ಸಾಕಷ್ಟು ಇರುತ್ತದೆ, ಹಿಮವೂ ಇರುತ್ತದೆ, ರಾತ್ರಿ ನಾರ್ದರ್ನ್ ಲೈಟ್ಸ್‌ಗೂ ಅವಕಾಶ ಇರುತ್ತದೆ.

ಮೇ ಮೂರನೇ ವಾರದಿಂದ ಜುಲೈ ಮೂರನೇ ವಾರದ ತನಕ ಸೂರ್ಯ ಮುಳುಗುವುದೇ ಇಲ್ಲ. ಆಗ ರಾತ್ರಿ 11ಕ್ಕೂ ಬಿಸಿಲಿನಲ್ಲಿ ನಡೆಯಬಹುದು. ನಾರ್ದರ್ನ್ ಲೈಟ್ಸ್ ಮಾತ್ರ ಕಾಣುವುದಿಲ್ಲ.

ಹೆಜ್ಜೆ 2: ಬುಕ್ ಮಾಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ

ಊಟ ಸೇರಿದ ಟೂರ್ ಅಗ್ಗ ಅಲ್ಲ. ತಲೆಗೆ ಸಾವಿರ ಕ್ರೋನ್ ದಾಟುವುದು ಮಾಮೂಲು. ಕ್ರೋನ್ ಅಂದರೆ ನಾರ್ವೆಯ ಹಣ, ರೂಪಾಯಿಯಲ್ಲಿ ಎಷ್ಟು ಅಂತ ಆ ದಿನದ ದರ ನೋಡಿ ಲೆಕ್ಕ ಹಾಕಿಕೊಳ್ಳಿ. ಇಷ್ಟು ಕೊಡುವಾಗ ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಡ.

ಗುಂಪಿನಲ್ಲಿ ಎಷ್ಟು ಜನ? ಹತ್ತು ಹನ್ನೆರಡು ಜನಕ್ಕಿಂತ ಜಾಸ್ತಿ ಇದ್ದರೆ ಗಾಳಿಯಲ್ಲಿ ಗೈಡ್ ಹೇಳುವುದು ಹಿಂದಿನವರಿಗೆ ಕೇಳಿಸುವುದಿಲ್ಲ. ಎಷ್ಟು ಕಡೆ ಒಳಗೆ ಕೂರಿಸುತ್ತಾರೆ? ಚಳಿಯಲ್ಲಿ ಇದು ಬಹಳ ಮುಖ್ಯ. ಮೂರು ಗಂಟೆಯಲ್ಲಿ ಎರಡು ಸಲವಾದರೂ ಬೆಚ್ಚಗಿನ ಜಾಗದಲ್ಲಿ ಕೂರಬೇಕು. ಅದರಲ್ಲೂ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಬಿಡದೆ ಕೇಳಿ. ಏನೇನು ತಿನ್ನಿಸುತ್ತಾರೆ? ಕೆಲವು ಕಡೆ ತಿಮಿಂಗಿಲದ ಮಾಂಸ ಕೊಡುತ್ತಾರೆ. ನಾರ್ವೆಯಲ್ಲಿ ಮಿಂಕೆ ಎಂಬ ತಿಮಿಂಗಿಲದ ಬೇಟೆ ಕಾನೂನುಬದ್ಧ. ತಿನ್ನಬೇಕೋ ಬೇಡವೋ ನಿಮಗೆ ಬಿಟ್ಟದ್ದು, ಆದರೆ ತಟ್ಟೆ ಎದುರಿಗೆ ಬಂದ ಮೇಲೆ ಇದೇನು ಅಂತ ಕೇಳುವ ಹಾಗಾಗಬಾರದು. ನಾನು ತಿನ್ನಲಿಲ್ಲ. ಗೈಡ್ ಒಂದು ಮಾತೂ ಆಡದೆ ಬೇರೆ ತಟ್ಟೆ ತಂದುಕೊಟ್ಟರು.

ನಾಲ್ಕನೆಯದು: ಸಾಮಿ ಜನರ ವಿಷಯ ಹೇಳುವವರು ಯಾರು? ಸಾಧ್ಯವಾದರೆ ಸಾಮಿ ಕುಟುಂಬದವರೇ ಹೇಳುವ ಟೂರ್ ಆರಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಭಾನುವಾರ ಬೇಡ. ಆ ದಿನ ಇಲ್ಲಿ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಊರು ಚೆನ್ನಾಗೇ ಕಾಣುತ್ತದೆ, ಆದರೆ ಒಳಗೆ ಹೋಗಿ ನೋಡುವುದಕ್ಕೆ ಹೆಚ್ಚೇನೂ ತೆರೆದಿರುವುದಿಲ್ಲ. ಸಮಯಕ್ಕೆ ಸರಿಯಾಗಿ ಹೋಗಿ. 10 ಗಂಟೆ ಅಂದರೆ 10ಕ್ಕೆ ಹೊರಟುಬಿಡುತ್ತಾರೆ.

ಹೆಜ್ಜೆ 3: ಸಸ್ಯಾಹಾರಿಗಳು ಬರೆದು ಕಳಿಸಿ, ಅಲ್ಲಿ ಹೋಗಿ ಮತ್ತೊಮ್ಮೆ ಹೇಳಿ

ಬುಕಿಂಗ್ ಫಾರ್ಮಿನಲ್ಲಿ 'ವೆಜಿಟೇರಿಯನ್' ಅಂತ ಟಿಕ್ ಮಾಡಿದರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ಜೊತೆಗಿದ್ದ ನನ್ನ ಅಕ್ಕ ಶುದ್ಧ ಸಸ್ಯಾಹಾರಿ. ಮೊದಲ ನಿಲ್ದಾಣದಲ್ಲೇ ಅವಳ ಮುಂದೆ ಮೀನಿನ ಸೂಪ್ ಬಂತು. ಯಾರೂ ಬೇಕೆಂದು ಮಾಡಿದ್ದಲ್ಲ, ಅಡುಗೆಮನೆಗೆ ಸುದ್ದಿ ಮುಟ್ಟಿರಲಿಲ್ಲ ಅಷ್ಟೇ. ಆದರೆ ಅವಳು ಆ ಅರ್ಧ ಗಂಟೆ ಬರೀ ಬ್ರೆಡ್ ತಿಂದು ಕೂತಳು. ಅದು ಇವತ್ತಿಗೂ ನನಗೆ ಬೇಸರ.

ಆದ್ದರಿಂದ ಹೀಗೆ ಮಾಡಿ. ಎರಡು ದಿನ ಮೊದಲು ಮೇಲ್ ಕಳಿಸಿ. ಅದರಲ್ಲಿ ಮಾಂಸ ಬೇಡ, ಮೀನು ಬೇಡ, ಸೀಗಡಿ ಬೇಡ, ಮಾಂಸ ಅಥವಾ ಮೀನು ಬೇಯಿಸಿದ ನೀರೂ ಬೇಡ ಅಂತ ಬಿಡಿಸಿ ಬರೆಯಿರಿ. ಮೊಟ್ಟೆ ತಿನ್ನದವರು ಅದನ್ನೂ ಸೇರಿಸಿ. ಇಲ್ಲಿ ವಾಫಲ್‌ಗೆ ಮೊಟ್ಟೆ ಹಾಕುತ್ತಾರೆ, ಬನ್ನಿಗೂ ಸಾಮಾನ್ಯವಾಗಿ ಹಾಕುತ್ತಾರೆ. ಟೂರ್ ಶುರುವಾಗುವಾಗ ಗೈಡ್‌ಗೆ ಬಾಯಲ್ಲಿ ಇನ್ನೊಂದು ಸಲ ಹೇಳಿ. ಇಂಗ್ಲಿಷ್ ಎಲ್ಲರಿಗೂ ಬರುತ್ತದೆ. ನಾರ್ವೇಜಿಯನ್‌ನಲ್ಲೇ ಹೇಳುವ ಆಸೆ ಇದ್ದರೆ: "ಯಾಯ್ ಸ್ಪೀಸರ್ ಇಕ್ಕೆ ಶೊತ್, ಫಿಸ್ಕ್ ಎಲ್ಲೆರ್ ಎಗ್." ನಾನು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ ಅಂತ ಅರ್ಥ.

ಇಷ್ಟು ಮಾಡಿದರೆ ಸಸ್ಯಾಹಾರಿಗಳಿಗೂ ಇಲ್ಲಿ ತಿನ್ನಲು ಒಳ್ಳೊಳ್ಳೆಯದಿದೆ. 'ಲೆಫ್ಸೆ' ಅಂತ ಒಂದಿದೆ. ಹಿಟ್ಟನ್ನೋ ಆಲೂಗಡ್ಡೆ ಕಲಸಿದ ಹಿಟ್ಟನ್ನೋ ತೆಳ್ಳಗೆ ಲಟ್ಟಿಸಿ ಕಾವಲಿಯ ಮೇಲೆ ಸುಡುತ್ತಾರೆ, ಬೆಣ್ಣೆ ಸಕ್ಕರೆ ಸವರಿ ಮಡಚಿ ಕೊಡುತ್ತಾರೆ. ಮಡಚಿದ ಹೋಳಿಗೆಯನ್ನೇ ಕೈಗೆ ಕೊಟ್ಟ ಹಾಗಿರುತ್ತದೆ. ಆಮೇಲೆ ಕಂದು ಚೀಸ್, 'ಬ್ರೂನೊಸ್ಟ್'. ಚೀಸ್ ಮಾಡುವಾಗ ಉಳಿಯುವ ನೀರನ್ನು ಗಂಟೆಗಟ್ಟಲೆ ಕುದಿಸಿ ಇಂಗಿಸಿದರೆ ಅದರಲ್ಲಿರುವ ಹಾಲಿನ ಸಕ್ಕರೆ ಕಂದುಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಕೆನೆ ಸೇರಿಸಿ ಇಟ್ಟಿಗೆಯ ಹಾಗೆ ಗಟ್ಟಿ ಮಾಡುತ್ತಾರೆ. ಹಿಡಿಯಿರುವ ಚಪ್ಪಟೆ ಅಲಗಿನಿಂದ ಅದನ್ನು ಕಾಗದದಷ್ಟು ತೆಳ್ಳಗೆ ಹೆರೆದು ಕೊಡುತ್ತಾರೆ. ಬಾಯಿಗಿಟ್ಟರೆ ಧಾರವಾಡ ಪೇಡಕ್ಕೆ ಚಿಟಿಕೆ ಉಪ್ಪು ಬೆರೆಸಿದ ರುಚಿ. ಅಕ್ಕನಿಗೆ ಸೂಪಿನ ಬೇಸರ ಅಲ್ಲಿಗೆ ಮರೆತುಹೋಯಿತು. ವಾಪಸ್ ಬರುವಾಗ ಎರಡು ಕಟ್ಟು ತಂದಳು.

ಹೆಜ್ಜೆ 4: ಕಾಲು ಗಟ್ಟಿ ಮಾಡಿಕೊಳ್ಳಿ

ಚಳಿಗಿಂತ ದೊಡ್ಡ ಶತ್ರು ಜಾರುವ ರಸ್ತೆ. ಹಿಮ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ, ಬೆಳಿಗ್ಗೆ ಗಾಜಿನ ಹಾಗಾಗಿರುತ್ತದೆ. ಊರಿನವರೇ 'ಬ್ರೊಡ್ಡರ್' ಹಾಕಿಕೊಂಡು ಓಡಾಡುತ್ತಾರೆ. ಶೂ ಮೇಲೆ ಎಳೆದು ಹಾಕುವ ರಬ್ಬರ್ ಪಟ್ಟಿ, ಅಡಿಯಲ್ಲಿ ಸಣ್ಣ ಕಬ್ಬಿಣದ ಮುಳ್ಳು. ಇಲ್ಲಿನ ಸ್ಪೋರ್ಟ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಬಂದಿಳಿದ ದಿನವೇ ತಗೊಳ್ಳಿ. ಬಿದ್ದು ಮಣಿಕಟ್ಟು ಮುರಿದುಕೊಂಡರೆ ಇಡೀ ಪ್ರವಾಸ ಹಾಳು. ಅಂಗಡಿ, ಮ್ಯೂಸಿಯಂ ಒಳಗೆ ಹೋಗುವಾಗ ಮಾತ್ರ ಬಿಚ್ಚಿ. ನುಣುಪು ನೆಲದ ಮೇಲೆ ಆ ಮುಳ್ಳುಗಳೇ ಜಾರುತ್ತವೆ, ನೆಲವೂ ಕೆಡುತ್ತದೆ.

ಬಟ್ಟೆ ಪದರ ಪದರವಾಗಿ ಇರಲಿ. ಮೈಗೆ ತಾಗುವುದು ಉಣ್ಣೆಯದು, ಮೇಲೆ ಸ್ವೆಟರ್, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ಜಾಕೆಟ್. ಹತ್ತಿಯ ಬನಿಯನ್ ಬೇಡ. ನಡೆದು ಬೆವತರೆ ಅದು ಒದ್ದೆಯಾಗಿ ಮೈ ಕೊರೆಯುತ್ತದೆ. ಫೋನನ್ನು ಒಳಜೇಬಿನಲ್ಲಿ ಇಡಿ, ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ. ಕ್ಯಾಶ್ ಬೇಕಾಗುವುದೇ ಅಪರೂಪ, ಎಲ್ಲಾ ಕಡೆ ಕಾರ್ಡ್ ನಡೆಯುತ್ತದೆ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, ಬಾಟಲಿಗೆ ದುಡ್ಡು ಹಾಕಬೇಡಿ.

ಹೆಜ್ಜೆ 5: ನಡಿಗೆ, ದಕ್ಷಿಣದಿಂದ ಉತ್ತರಕ್ಕೆ

ಟೂರ್‌ಗಳ ದಾರಿ ಒಂದೊಂದು ಒಂದೊಂದು ಥರ. ಆದರೆ ಊರಿನ ನಡುಭಾಗ ಚಿಕ್ಕದು. ಸ್ಟೂರ್‌ಗಾಟಾ ಎಂಬ ಮುಖ್ಯ ಬೀದಿಯನ್ನು ಹಿಡಿದು ದಕ್ಷಿಣದಿಂದ ಉತ್ತರಕ್ಕೆ ನಡೆದರೆ ಎಲ್ಲಾ ಸಿಗುತ್ತದೆ. ಟೂರ್ ಬೇಡ, ನಾವೇ ನಡೆಯುತ್ತೇವೆ ಅನ್ನುವವರಿಗೂ ಈ ದಾರಿ ಆಗುತ್ತದೆ.

ಶುರು ಮಾಡಲು ಒಳ್ಳೆಯ ಜಾಗ ಹಳೇ ಮ್ಯಾಕ್ ಬ್ರೂವರಿ. 1877ರಲ್ಲಿ ಲೂಡ್ವಿಗ್ ಮ್ಯಾಕ್ ಶುರು ಮಾಡಿದ್ದು. ಅದರ ನೆಲಮಾಳಿಗೆಯಲ್ಲಿ 1928ರಿಂದ ಇರುವ ಬಿಯರ್ ಹಾಲ್ 'ಓಲ್‌ಹಾಲೆನ್'. ಸಮುದ್ರದಿಂದ ಬಂದ ಮೀನುಗಾರರೂ ಬೇಟೆಗಾರರೂ ಇಲ್ಲಿ ಕೂರುತ್ತಿದ್ದರು. ಒಳಗೆ ಹುಲ್ಲು ತುಂಬಿದ ದೊಡ್ಡ ಹಿಮಕರಡಿ ನಿಂತಿದೆ. ಕುಡಿಯದವರೂ ಒಮ್ಮೆ ಒಳಗೆ ಹೋಗಿ ಬನ್ನಿ.

ಒಣಮೀನಿನ ರುಚಿ ನೋಡಲು ಇಂಥ ಜಾಗವೇ ಸರಿ. ಇಲ್ಲಿನ ಒಣಮೀನಿಗೆ 'ತೊರ್‌ಫಿಸ್ಕ್' ಅನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಮೀನಿಗೆ ಉಪ್ಪು ಹಾಕಿ ಬಿಸಿಲಿನಲ್ಲಿ ಒಣಗಿಸುತ್ತಾರಲ್ಲ, ಇಲ್ಲಿ ಉಪ್ಪೂ ಇಲ್ಲ, ಬಿಸಿಲೂ ಇಲ್ಲ. ಬರೀ ಗಾಳಿ. ಕಾಡ್ ಮೀನುಗಳನ್ನು ಬಾಲಕ್ಕೆ ದಾರ ಕಟ್ಟಿ ಜೋಡಿ ಜೋಡಿಯಾಗಿ ಮರದ ಅಟ್ಟಣಿಗೆಗೆ ನೇತು ಹಾಕುತ್ತಾರೆ. ಫೆಬ್ರವರಿಯಿಂದ ಮೇವರೆಗೆ ಅದು ಅಲ್ಲೇ. ಈ ಕರಾವಳಿಯ ಚಳಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆಡುತ್ತದೆ. ಇನ್ನೂ ಚಳಿಯಾದರೆ ಮೀನು ಹೆಪ್ಪುಗಟ್ಟಿ ಹಾಳಾಗುತ್ತದೆ, ಬೆಚ್ಚಗಾದರೆ ನೊಣ ಕೂರುತ್ತದೆ. ಹವೆಯ ಈ ಹದ ಎಲ್ಲಾ ಕಡೆ ಸಿಗುವುದಿಲ್ಲ. ಅದಕ್ಕೇ ಇಲ್ಲಿಂದ ಇಟಲಿ, ನೈಜೀರಿಯಾವರೆಗೂ ಮೀನು ಹೋಗುತ್ತದೆ.

ಗೈಡ್ ನಮ್ಮ ಮುಂದೆ ಒಂದು ಇಡೀ ಮೀನು ಇಟ್ಟು ಎತ್ತಿ ನೋಡಿ ಅಂದರು. ಮೊಣಕೈಯಷ್ಟು ಉದ್ದ ಇದ್ದರೂ ಕೈಯಲ್ಲಿ ಭಾರವೇ ಇಲ್ಲ. ಮೇಜಿಗೆ ಬಡಿದರೆ ಟಣ್ ಅಂತ ಕಟ್ಟಿಗೆಯ ಸದ್ದು. ಸುತ್ತಿಗೆಯಿಂದ ಜಜ್ಜಿ ನಾರು ನಾರಾಗಿ ಬಿಡಿಸಿ ಬೆಣ್ಣೆಯ ಜೊತೆ ಕೊಟ್ಟರು. ಮೊದಲು ಹತ್ತಿ ಅಗಿದ ಹಾಗೆ, ಆಮೇಲೆ ನಿಧಾನವಾಗಿ ಮೀನಿನ ಸಿಹಿ ಬಿಡುತ್ತದೆ. ಅಗಿಯುವುದಕ್ಕೆ ತಾಳ್ಮೆ ಬೇಕು.

ಅಲ್ಲಿಂದ ಉತ್ತರಕ್ಕೆ ನಡೆದರೆ ಮರದ ದೊಡ್ಡ ಚರ್ಚ್ ಸಿಗುತ್ತದೆ. ಇದೇ ಊರಿನ ನಿಜವಾದ ಕ್ಯಾಥೆಡ್ರಲ್, 1861ರದ್ದು, ಪೂರ್ತಿ ಮರದ್ದು. ಪೋಸ್ಟ್‌ಕಾರ್ಡಿನಲ್ಲಿ ಬರುವ ಬಿಳಿ ತ್ರಿಕೋನದ 'ಆರ್ಕ್‌ಟಿಕ್ ಕ್ಯಾಥೆಡ್ರಲ್' ನೀರಿನ ಆಚೆ ದಡದಲ್ಲಿದೆ. ಹೆಸರಿಗೆ ಕ್ಯಾಥೆಡ್ರಲ್ ಆದರೂ ಅದು ಒಂದು ಬಡಾವಣೆಯ ಚರ್ಚ್. ಬೀದಿಯ ಎರಡೂ ಕಡೆ ಹಳೇ ಮರದ ಮನೆಗಳು ಕಾಣುತ್ತವೆ. ಅವು ಉಳಿದದ್ದಕ್ಕೆ ಕಾರಣ ಇದೆ. 1944ರ ಶರತ್ಕಾಲದಲ್ಲಿ ಜರ್ಮನ್ ಸೈನ್ಯ ಹಿಂದೆ ಸರಿಯುವಾಗ ಇನ್ನೂ ಉತ್ತರದ ಊರುಗಳನ್ನೆಲ್ಲ ಸುಟ್ಟುಹಾಕಿತು. ಟ್ರೊಮ್ಸೊ ಪಾರಾಯಿತು. ಮನೆ ಕಳಕೊಂಡ ಸಾವಿರಾರು ಜನ ಇಲ್ಲಿಗೇ ಬಂದರು. ಆಮೇಲೆ 1969ರಲ್ಲಿ ಬಿದ್ದ ಬೆಂಕಿಯಲ್ಲಿ ಹಲವು ಮನೆಗಳು ಹೋದವು. ಈಗ ಕಾಣುವುದು ಅದೂ ಆಗಿ ಉಳಿದದ್ದು.

ಬಲಕ್ಕೆ ತಿರುಗಿ ಬಂದರಿಗೆ ಇಳಿಯಿರಿ. ಅಲ್ಲಿ ಅಮುಂಡ್ಸೆನ್ ಪ್ರತಿಮೆ ಇದೆ. ದಕ್ಷಿಣ ಧ್ರುವಕ್ಕೆ ಮೊದಲು ಕಾಲಿಟ್ಟ ತಂಡದ ನಾಯಕ. ಇಟಲಿಯ ನೊಬಿಲೆ ಎಂಬಾತ ಉತ್ತರ ಧ್ರುವದಿಂದ ಮರಳುವಾಗ ಮಂಜುಗಡ್ಡೆಯ ಮೇಲೆ ಸಿಕ್ಕಿಹಾಕಿಕೊಂಡಾಗ, ಅವನನ್ನು ಹುಡುಕಲು 1928ರ ಜೂನ್ 18ರಂದು ಇಲ್ಲಿಂದಲೇ ವಿಮಾನದಲ್ಲಿ ಹೊರಟ. ಮರಳಿ ಬರಲಿಲ್ಲ. ಜನ ಸುಮ್ನೆ ಸೆಲ್ಫಿ ತಗೊಂಡು ಹೋಗುತ್ತಾರೆ. ನೀವು ಒಂದು ನಿಮಿಷ ಅವನ ಜೊತೆ ನಿಂತು ನೀರಿನ ಕಡೆ ನೋಡಿ.

ಬಂದರಿನ ಕಥೆ ಇನ್ನೂ ಇದೆ. ಇಲ್ಲಿ ಗೋಧಿ ಬೆಳೆಯುವುದಿಲ್ಲ. ಆದರೂ ಜನ ಬ್ರೆಡ್ ತಿಂದರು. ಹೇಗೆ? ಬೇಸಿಗೆಯಲ್ಲಿ ರಷ್ಯಾದ ಬಿಳಿ ಸಮುದ್ರದ ಕಡೆಯಿಂದ ಪೊಮೊರ್ ಎಂಬ ವ್ಯಾಪಾರಿಗಳು ದೋಣಿಯಲ್ಲಿ ರೈ ಹಿಟ್ಟು ತುಂಬಿಕೊಂಡು ಬರುತ್ತಿದ್ದರು, ಬದಲಿಗೆ ಮೀನು ಒಯ್ಯುತ್ತಿದ್ದರು. ಬೇಸಿಗೆಯಲ್ಲಿ ಮೀನಿಗೆ ನೊಣ ಕೂತು ಒಣಗಿಸಲು ಆಗದ ಹೊತ್ತು ಅದು. ಇವರಿಗೂ ಅನುಕೂಲ, ಅವರಿಗೂ ಅನುಕೂಲ. 1917ರ ಕ್ರಾಂತಿಯ ಹೊತ್ತಿಗೆ ಆ ವ್ಯಾಪಾರ ನಿಂತಿತು.

ಜನವರಿಯಿಂದ ಏಪ್ರಿಲ್ ಒಳಗೆ ಹೋದ ಮೀನುಪ್ರಿಯರು 'ಮೊಲ್ಯೆ' ಕೇಳಿ. ಬಾರೆಂಟ್ಸ್ ಸಮುದ್ರದಿಂದ ಮೊಟ್ಟೆಯಿಡಲು ಈ ಕರಾವಳಿಗೆ ಬರುವ ಕಾಡ್ ಮೀನಿಗೆ 'ಸ್ಕ್ರೈ' ಅನ್ನುತ್ತಾರೆ. ಆ ಮೀನು, ಅದರ ಪಿತ್ತಜನಕಾಂಗ, ಅದರ ಮೊಟ್ಟೆಯ ಗಟ್ಟಿ, ಮೂರನ್ನೂ ಬೇಯಿಸಿ ಆಲೂಗಡ್ಡೆಯ ಜೊತೆ ಒಂದೇ ತಟ್ಟೆಯಲ್ಲಿ ಕೊಡುತ್ತಾರೆ. ಮಸಾಲೆ ಅನ್ನುವುದೇ ಇಲ್ಲ. ನಮ್ಮ ನಾಲಿಗೆಗೆ ಸಪ್ಪೆ ಅನ್ನಿಸುವುದು ಸಹಜ. ಆದರೆ ಆ ಬಿಳಿ ಪದರಗಳು ಚಮಚ ತಾಗಿದರೆ ಬಿಡುತ್ತವೆ, ಅಷ್ಟು ತಾಜಾ. ಉಪ್ಪಿನಕಾಯಿ ಬಾಟಲಿ ಬ್ಯಾಗಿನಲ್ಲೇ ಇರಲಿ, ಮೊದಲ ನಾಲ್ಕು ತುತ್ತು ಹಾಗೇ ತಿನ್ನಿ.

ಆ ಪಿತ್ತಜನಕಾಂಗದ ಎಣ್ಣೆಯೇ ಕಾಡ್ ಲಿವರ್ ಆಯಿಲ್. ಚಿಕ್ಕಂದಿನಲ್ಲಿ ಅಮ್ಮ ದಿನಾ ಬೆಳಿಗ್ಗೆ ನುಂಗಿಸುತ್ತಿದ್ದ ಹಳದಿ ಗುಳಿಗೆ ಎಷ್ಟೋ ಜನಕ್ಕೆ ನೆನಪಿರಬೇಕು. ಇಲ್ಲಿನವರು ಅದಕ್ಕೆ 'ತ್ರಾನ್' ಅನ್ನುತ್ತಾರೆ, ಚಮಚದಲ್ಲೇ ಕುಡಿಯುತ್ತಾರೆ. ಚಳಿಗಾಲದಲ್ಲಿ ಬಿಸಿಲೇ ಇಲ್ಲದ ಊರಿನಲ್ಲಿ ವಿಟಮಿನ್ ಡಿ ಸಿಗುವುದು ಇದರಿಂದ. ಹೆಸರಿನಲ್ಲಿ 'ಆರ್' ಅಕ್ಷರ ಇರುವ ತಿಂಗಳುಗಳಲ್ಲೆಲ್ಲ ಕುಡಿಯಬೇಕು ಅಂತ ಮನೆಗಳಲ್ಲಿ ಲೆಕ್ಕ. ಸೆಪ್ಟೆಂಬರ್‌ನಿಂದ ಏಪ್ರಿಲ್ ತನಕ, ಅಂದರೆ ಸರಿಯಾಗಿ ಕತ್ತಲು ಜಾಸ್ತಿಯಿರುವ ತಿಂಗಳುಗಳು. ಈ ಕರಾವಳಿಯ ಇನ್ನೊಂದು ಸಂಗತಿ ನನಗೆ ತುಂಬಾ ಹಿಡಿಸಿತು. ಮೀನಿನ ಸುಗ್ಗಿಯಲ್ಲಿ ಕಾಡ್ ಮೀನಿನ ನಾಲಿಗೆ ಕತ್ತರಿಸುವ ಕೆಲಸ ಮಕ್ಕಳದ್ದು. ಶಾಲೆ ಬಿಟ್ಟ ಮೇಲೆ ಬಂದು ಕತ್ತರಿಸಿ, ಮಾರಿ, ಸ್ವಂತ ದುಡ್ಡು ಮಾಡಿಕೊಳ್ಳುತ್ತಾರೆ.

ಮತ್ತೆ ಮೇಲೆ ಹತ್ತಿದರೆ ಸ್ಟೂರ್‌ತೊರ್ಗೆ, ಊರಿನ ದೊಡ್ಡ ಚೌಕ. ಇಲ್ಲಿ 'ರಾಕೆಟ್ಟೆನ್' ಅಂತ ಪುಟ್ಟ ಗೂಡಂಗಡಿ ಇದೆ, 1911ರದ್ದು. ಹಿಮಸಾರಂಗದ ಸಾಸೇಜ್ ಬೇಕಾದವರು ಇಲ್ಲೇ ತಿನ್ನಿ. ಪಕ್ಕದಲ್ಲೇ 1916ರಿಂದ ಇರುವ ಸಿನಿಮಾ ಮಂದಿರ 'ವೆರ್ಡೆನ್ಸ್‌ತಿಯಾತ್ರೆ'. ಬಾಗಿಲು ತೆರೆದಿದ್ದರೆ ಒಳಗೆ ಗೋಡೆಯ ಮೇಲಿನ ಹಳೇ ಚಿತ್ರಗಳನ್ನು ನೋಡಿ.

ಇನ್ನೂ ಉತ್ತರಕ್ಕೆ ಹೋದರೆ ಸ್ಕಾನ್ಸೆನ್, ಊರು ಹುಟ್ಟಿದ ಜಾಗ. 13ನೇ ಶತಮಾನದ ಕೋಟೆಯ ದಿಬ್ಬ, ಸುತ್ತ ಮರದ ಮನೆಗಳು. ಟ್ರೊಮ್ಸೊಗೆ ಪಟ್ಟಣದ ಹಕ್ಕು ಸಿಕ್ಕಿದ್ದು 1794ರಲ್ಲಿ. ಹತ್ತಿರದಲ್ಲೇ ನೀರಿನ ಅಂಚಿಗೆ ಕೆಂಪು ಮರದ ಉಗ್ರಾಣ, ಅದೇ ಪೋಲಾರ್ ಮ್ಯೂಸಿಯಂ. ಟಿಕೆಟ್‌ಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಸ್ವಾಲ್‌ಬಾರ್ಡ್ ದ್ವೀಪಗಳಿಗೆ ಬೇಟೆಗೆ ಹೋಗಿ ಚಳಿಗಾಲವಿಡೀ ಸಣ್ಣ ಗುಡಿಸಲಿನಲ್ಲಿ ಕಳೆಯುತ್ತಿದ್ದವರ ಬದುಕು ಇಲ್ಲಿದೆ. ವಾನಿ ವುಲ್‌ಸ್ಟಾಡ್ ಎಂಬ ಹೆಂಗಸಿನ ಕಥೆ ಹುಡುಕಿ ಓದಿ. ಇದೇ ಊರಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದವಳು 1932ರಲ್ಲಿ ಸ್ವಾಲ್‌ಬಾರ್ಡ್‌ಗೆ ಬೇಟೆಗೆ ಹೊರಟಳು. ಆ ಕೆಲಸಕ್ಕೆ ಹಾಗೆ ಹೋದ ಮೊದಲ ಹೆಂಗಸು ಅಂತ ಹೆಸರಾದಳು. ಕೊಂದ ಪ್ರಾಣಿಗಳ ಲೆಕ್ಕ ನೋಡುವಾಗ ಹೊಟ್ಟೆ ತೊಳಸುತ್ತದೆ, ಅದು ನಿಜ. 1973ರಿಂದ ಅಲ್ಲಿ ಹಿಮಕರಡಿಗೆ ಕಾನೂನಿನ ರಕ್ಷಣೆ ಇದೆ. ಚಿಕ್ಕ ಮಕ್ಕಳಿದ್ದರೆ ಬೇಟೆಯ ಕೋಣೆಗಳನ್ನು ಬೇಗ ದಾಟಿಸಿ.

ಹೆಜ್ಜೆ 6: ಸಾಮಿ ಜನರ ಜೊತೆ ಕೂತಾಗ

ಊರಿನ ಬೋರ್ಡಿನಲ್ಲಿ ಟ್ರೊಮ್ಸೊ ಜೊತೆಗೆ 'ರೊಮ್ಸಾ' ಅಂತ ಕಾಣುತ್ತದೆ. ಅದು ಸಾಮಿ ಭಾಷೆಯ ಹೆಸರು. ನಾರ್ವೆ, ಸ್ವೀಡನ್, ಫಿನ್‌ಲೆಂಡ್, ರಷ್ಯಾ ನಾಲ್ಕೂ ದೇಶಗಳ ಉತ್ತರದಲ್ಲಿ ಹರಡಿರುವ ಮೂಲನಿವಾಸಿಗಳು ಇವರು. ಹಳೇ ಪುಸ್ತಕಗಳಲ್ಲಿ 'ಲ್ಯಾಪ್' ಅಂತ ಬರೆದಿರುತ್ತಾರೆ. ಆ ಪದ ಅವರಿಗೆ ಬೈಗುಳದ ಹಾಗೆ. ಬಳಸಬೇಡಿ.

ಸಾಮಿ ಊಟ ಅಂದರೆ ಮೊದಲು 'ಬಿದೊಸ್'. ಹಿಮಸಾರಂಗದ ಮಾಂಸ, ಆಲೂಗಡ್ಡೆ, ಗಜ್ಜರಿ ಹಾಕಿ ನಿಧಾನವಾಗಿ ಬೇಯಿಸಿದ ಗಂಜಿಯಂಥ ಸಾರು. ಮದುವೆಯಲ್ಲಿ ಇದೇ ಊಟ. 'ಲಾವ್ವು' ಎಂಬ ಡೇರೆಯ ನಡುವೆ ಬೆಂಕಿ, ಸುತ್ತ ಸಾರಂಗದ ಚರ್ಮ ಹಾಸಿ ಕೂರಿಸುತ್ತಾರೆ. ಹೊಗೆ ಮೇಲಿನ ತೂತಿನಿಂದ ಹೊರಗೆ ಹೋಗುತ್ತದೆ, ಒಂದಿಷ್ಟು ನಮ್ಮ ಕಣ್ಣಿಗೂ ಬರುತ್ತದೆ. ಊಟದ ನಂತರ ಕೆಲವರು 'ಯೊಯ್ಕ್' ಹಾಡುತ್ತಾರೆ. ಒಬ್ಬ ವ್ಯಕ್ತಿಯ ಬಗ್ಗೆ ಹಾಡುವುದಲ್ಲ, ಆ ವ್ಯಕ್ತಿಯನ್ನೇ ಹಾಡುವುದು ಅನ್ನುತ್ತಾರೆ. ಹಾಡುವಾಗ ಫೋನ್ ಕೆಳಗಿಡಿ. ರೆಕಾರ್ಡ್ ಮಾಡಬೇಕಾದರೆ ಮೊದಲೇ ಕೇಳಿ.

ಒಂದು ಪ್ರಶ್ನೆ ಮಾತ್ರ ಕೇಳಲೇಬೇಡಿ: "ನಿಮ್ಮ ಹತ್ತಿರ ಎಷ್ಟು ಸಾರಂಗ ಇವೆ?" ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿದ ಹಾಗೆ ಅದು. ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿಬಿಟ್ಟರು. ಆ ಅಜ್ಜಿ ಮುಗುಳ್ನಕ್ಕು, "ಮರದ ಈ ಕಡೆಯೂ ಇವೆ, ಆ ಕಡೆಯೂ ಇವೆ" ಅಂದು ಮಾತು ಬದಲಿಸಿದರು.

ಇನ್ನು, ಸಾಮಿಯವರೇ ನಡೆಸುವ ಟೂರ್ ಆರಿಸಿ ಅಂದೆನಲ್ಲ, ಅದಕ್ಕೆ ಕಾರಣ. ನೂರು ವರ್ಷಕ್ಕೂ ಹೆಚ್ಚು ಕಾಲ ನಾರ್ವೆ ಸರ್ಕಾರ ಇವರನ್ನು ನಾರ್ವೇಜಿಯನ್ ಮಾಡಲು ಹೊರಟಿತ್ತು. ಮಕ್ಕಳು ಶಾಲೆಯಲ್ಲಿ ಮನೆಮಾತು ಆಡುವಂತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಮಕ್ಕಳಿಗೆ ಭಾಷೆ ಕಲಿಸುವುದನ್ನೇ ನಿಲ್ಲಿಸಿದರು. ಈ ಬಗ್ಗೆ ಆಯೋಗವೊಂದು 2023ರಲ್ಲಿ ವರದಿ ಕೊಟ್ಟಿತು, 2024ರ ನವೆಂಬರ್‌ನಲ್ಲಿ ನಾರ್ವೆ ಸಂಸತ್ತು ಕ್ಷಮೆ ಕೇಳಿತು. ಮನೆಮಾತು ಕಳಕೊಂಡವರ ಮೊಮ್ಮಗಳು ಅದನ್ನು ದೊಡ್ಡವಳಾದ ಮೇಲೆ ಕಲಿತು ನಮಗೆ ಎರಡು ಪದ ಹೇಳಿಕೊಟ್ಟಳು. ಅಂಥವರ ಬಾಯಿಂದ ಕೇಳುವುದಕ್ಕೂ ಬಾಡಿಗೆ ಬಟ್ಟೆ ತೊಟ್ಟವರ ಬಾಯಿಂದ ಕೇಳುವುದಕ್ಕೂ ಬಹಳ ಅಂತರ. 'ಗಾಕ್ತಿ' ಎಂಬ ಅವರ ಉಡುಪಿನ ಅಂಚು, ಬಣ್ಣ ನೋಡಿದರೆ ಯಾವ ಊರಿನವರು ಅಂತ ಅವರಿಗೆ ಗೊತ್ತಾಗುತ್ತದೆ. ಅದರ ನಕಲು ಟೋಪಿಗಳನ್ನು ನೆನಪಿನ ಕಾಣಿಕೆ ಅಂತ ಮಾರುತ್ತಾರೆ. ಕೊಳ್ಳುವುದಾದರೆ ಸಾಮಿ ಕುಶಲಕರ್ಮಿಗಳೇ ಮಾಡಿದ್ದನ್ನು ಕೊಳ್ಳಿ. ಮರದ ಲೋಟವೋ, ಸಾರಂಗದ ಕೊಂಬಿನ ಗುಂಡಿಯೋ, ಚಿಕ್ಕದಾದರೂ ಸರಿ. ತಿಮಿಂಗಿಲದ ಯಾವ ವಸ್ತುವನ್ನೂ ಭಾರತಕ್ಕೆ ತರಬೇಡಿ, ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧ ಇದೆ.

ಊಟದ ಕೊನೆಗೆ ಕಿತ್ತಳೆ ಬಣ್ಣದ ಹಣ್ಣು ಬಂದರೆ ಬಿಡಬೇಡಿ. ಅದು 'ಮುಲ್ಟೆ', ಕ್ಲೌಡ್‌ಬೆರಿ. ಜವುಗು ನೆಲದಲ್ಲಿ ಬೆಳೆಯುತ್ತದೆ, ಒಂದು ಕಡ್ಡಿಗೆ ಒಂದೇ ಹಣ್ಣು. ಹುಳಿ, ಜೇನು, ಒಂಚೂರು ಒಗರು, ಮೂರೂ ಸೇರಿದ ರುಚಿ. ಕೆನೆಯಲ್ಲಿ ಕಲಸಿ ಕೊಡುತ್ತಾರೆ. ಎಲ್ಲಿ ಸಿಗುತ್ತದೆ ಅಂತ ಯಾರೂ ಬಾಯಿಬಿಡುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಅಣಬೆ ಏಳುವ ಜಾಗ ಗುಟ್ಟಾಗಿಡುತ್ತಾರಲ್ಲ, ಹಾಗೇ.

ಹೆಜ್ಜೆ 7: ಟೂರ್ ಮುಗಿದ ಮೇಲೆ

ಗೈಡ್‌ಗೆ "ತಕ್" ಅನ್ನಿ, ಥ್ಯಾಂಕ್ಸ್ ಅಂತ ಅರ್ಥ. ಟಿಪ್ ಕೊಡಲೇಬೇಕು ಅಂತ ಇಲ್ಲ.

ಕಾಲಲ್ಲಿ ಶಕ್ತಿ ಉಳಿದಿದ್ದರೆ ಸೇತುವೆ ದಾಟಿ. 1960ರಲ್ಲಿ ಕಟ್ಟಿದ್ದು, 1,036 ಮೀಟರ್ ಉದ್ದ, ನಡೆಯಲು ಪಕ್ಕದಲ್ಲಿ ದಾರಿ ಇದೆ. ನಡುವಿನಲ್ಲಿ ಗಾಳಿ ಜೋರು, ಟೋಪಿ ಹಿಡಿದುಕೊಳ್ಳಿ. ಆಚೆ ದಡಕ್ಕೆ ಇಳಿಯುತ್ತಿದ್ದಂತೆ 1965ರ ಆರ್ಕ್‌ಟಿಕ್ ಕ್ಯಾಥೆಡ್ರಲ್. ಅಲ್ಲಿಂದ ಸ್ವಲ್ಪ ದೂರದಲ್ಲಿ 421 ಮೀಟರ್ ಎತ್ತರಕ್ಕೆ ಹೋಗುವ ಕೇಬಲ್ ಕಾರ್. ಬೇಸಿಗೆಯಲ್ಲಿ ಮೆಟ್ಟಿಲು ಹತ್ತಿಯೂ ಹೋಗಬಹುದು. 1,200ಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು, ನೇಪಾಳದಿಂದ ಬಂದ ಶೆರ್ಪಾಗಳು ಕೂರಿಸಿದ್ದು. ಚಳಿಗಾಲದಲ್ಲಿ ಮೆಟ್ಟಿಲಿನ ಸಾಹಸ ಬೇಡ.

ಶಕ್ತಿ ಇಲ್ಲದಿದ್ದರೆ ಊರಿನ ಗ್ರಂಥಾಲಯಕ್ಕೆ ಹೋಗಿ. ಹಳೇ ಸಿನಿಮಾ ಮಂದಿರವನ್ನು ಬದಲಿಸಿ 2005ರಲ್ಲಿ ತೆರೆದದ್ದು, ಬಿಲ್ಲಿನ ಹಾಗೆ ಬಾಗಿದ ಮಾಡು, ಸುತ್ತಲೂ ಗಾಜಿನ ಗೋಡೆ. ಒಳಗೆ ಹೋಗಲು ದುಡ್ಡಿಲ್ಲ, ಬೆಚ್ಚಗಿದೆ, ಯಾರೂ ಏಳಿ ಅನ್ನುವುದಿಲ್ಲ. ನಾವು ಮೇಲಿನ ಮಹಡಿಯಲ್ಲಿ ಕಿಟಕಿ ಪಕ್ಕ ಕೂತೆವು. ಮಧ್ಯಾಹ್ನ ಎರಡು ಗಂಟೆ, ಹೊರಗೆ ನೀಲಿ ಹೋಗಿ ಕತ್ತಲಾಗುತ್ತಿತ್ತು. ಪಕ್ಕದ ಮೇಜಿನಲ್ಲಿ ಇಬ್ಬರು ಹುಡುಗರು ಹೋಮ್‌ವರ್ಕ್ ಮಾಡುತ್ತಿದ್ದರು. ಅಕ್ಕ ಬ್ಯಾಗಿನಿಂದ ಕಂದು ಚೀಸಿನ ಕಟ್ಟು ತೆಗೆದು ಮೂಸಿ ನೋಡಿ ಮತ್ತೆ ಒಳಗಿಟ್ಟಳು.